ಮುರಿದ ಕೊಂಬಿನ ಗಾಯದಲ್ಲಿ ಹುಳು: ಒಬ್ಬ ಪಶುವೈದ್ಯನ ಅನುಭವ

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಮಳೆಗಾಲದಲ್ಲಿ, ಕೊಂಬು ಮುರಿದು ಹುಳು ಬಿದ್ದಿದ್ದ ಹಳ್ಳಿಕಾರ್ ಎತ್ತೊಂದಕ್ಕೆ ನಾನು ಅರೆಬರೆ ಚಿಕಿತ್ಸೆ ಮಾಡಿದ್ದೆ. ಗಾಯದ ಬಾಯಲ್ಲಿ ಕಂಡಷ್ಟು ಹುಳುಗಳನ್ನು ಚಿಮಟದಿಂದ ತೆಗೆದು, ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟು ಪಟ್ಟಿ ಕಟ್ಟಿ ಬಂದಿದ್ದೆ. ನಾಲ್ಕು ದಿನಗಳ ಬಳಿಕ ಮತ್ತೆ ಹೋದಾಗ ಎತ್ತು ತಲೆಯನ್ನು ಆ ಕಡೆಗೇ ವಾಲಿಸಿಕೊಂಡು ನಿಂತಿತ್ತು. ಅದೇ ಕಡೆಯ ಹೊಳ್ಳೆಯಿಂದ ರಕ್ತ ಬೆರೆತ ಕೀವು ಇಳಿಯುತ್ತಿತ್ತು. "ಎರಡು ದಿನದಿಂದ ಮೇವು ಮುಟ್ಟಿಲ್ಲ ಡಾಕ್ಟ್ರೇ" ಎಂದರು ಮನೆಯ ಯಜಮಾನರು.

ಬೆಳೆದ ದನದ ಕೊಂಬಿನ ಮೂಳೆ ಒಳಗೆ ಟೊಳ್ಳಾಗಿದ್ದು, ಆ ಟೊಳ್ಳು ಹಣೆಯ ಮೂಳೆಯೊಳಗಿನ ಗಾಳಿಗೂಡಿಗೆ ನೇರವಾಗಿ ಸೇರಿಕೊಂಡಿರುತ್ತದೆ. ಇದು ನನಗೆ ಓದಿ ಗೊತ್ತಿದ್ದ ವಿಷಯವೇ. ಗಾಯದ ಮುಂದೆ ಕುಳಿತಾಗ ಮಾತ್ರ ನೆನಪಿಗೆ ಬಂದಿರಲಿಲ್ಲ. ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಲಿಗ್ನೋಕೇನ್ ಕೊಟ್ಟು ನೋವು ತಿಳಿಯದಂತೆ ಮಾಡಿ, ಟಾರ್ಚ್ ಬಿಟ್ಟು ನೋಡಿದೆ. ಹುಳುಗಳು ತಲೆಯನ್ನು ಮಾಂಸದೊಳಗೆ ಹೂತು, ಉಸಿರಾಡುವ ರಂಧ್ರಗಳಿರುವ ಹಿಂತುದಿಯನ್ನಷ್ಟೇ ಹೊರಗಿಟ್ಟು, ಒತ್ತೊತ್ತಾಗಿ ನಿಂತಿದ್ದವು. ಅಕ್ಕಿಕಾಳಿಗಿಂತ ಚಿಕ್ಕವೂ ಇದ್ದವು, ಒಂದೂವರೆ ಸೆಂಟಿಮೀಟರ್ ಉದ್ದದವೂ ಇದ್ದವು. ಒಂದೇ ಗಾಯದಲ್ಲಿ ಹೀಗೆ ಬೇರೆ ಬೇರೆ ಗಾತ್ರದ ಹುಳುಗಳಿದ್ದರೆ, ಗಾಯದ ವಾಸನೆಗೆ ನೊಣಗಳು ಬೇರೆ ಬೇರೆ ದಿನ ಬಂದು ಮೊಟ್ಟೆಯಿಟ್ಟಿವೆ ಎಂದು ತಿಳಿಯಬೇಕು.

ನಮ್ಮ ದನಗಳ ಗಾಯಗಳಲ್ಲಿ ಇಂಥ ಹಾನಿ ಮಾಡುವ ಮುಖ್ಯ ನೊಣ ಕ್ರೈಸೋಮಿಯಾ ಬೆಜ್ಜಿಯಾನಾ. ಈ ಹೆಸರನ್ನು ಅದಕ್ಕೆ 1914ರಲ್ಲಿ ಇಟ್ಟರು. ಕೊಳೆತ ಮಾಂಸ ತಿನ್ನುವ ಬೇರೆ ಹುಳುಗಳಂತಲ್ಲದೆ ಇದರ ಮರಿಗಳು ಜೀವಂತ ಮಾಂಸವನ್ನೇ ತಿನ್ನುವುದರಿಂದ ಆಳಕ್ಕೆ ಇಳಿಯುತ್ತಲೇ ಹೋಗುತ್ತವೆ. ಗಾಯದ ಅಂಚಿನಲ್ಲಿ ಒಂದು ಸಲಕ್ಕೆ ಸುಮಾರು 150ರಿಂದ 200 ಮೊಟ್ಟೆಗಳಿರುತ್ತವೆ; ಅವು ಒಂದು ದಿನದೊಳಗೆ ಒಡೆದು, 5ರಿಂದ 7 ದಿನಗಳಲ್ಲಿ ಹುಳು ಬಲಿತು ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಕೋಶವಾಗಿ ಮತ್ತೆ ನೊಣವಾಗುತ್ತದೆ. ಅದಕ್ಕಾಗಿಯೇ ನಾನು ತೆಗೆದ ಹುಳುಗಳನ್ನು ಕೊಟ್ಟಿಗೆಯ ನೆಲಕ್ಕೆ ಎಸೆಯುವುದಿಲ್ಲ. ಮುಚ್ಚಳವಿರುವ ಡಬ್ಬಿಗೆ ಹಾಕಿ ಆಮೇಲೆ ಕುದಿಯುವ ನೀರು ಸುರಿಯುತ್ತೇನೆ.

ಆ ಎತ್ತಿನ ತಲೆಯನ್ನು ತಗ್ಗಿಸಿ ಹಿಡಿಸಿ, ಉಗುರುಬೆಚ್ಚಗಿನ ಸಲೈನ್ ದ್ರಾವಣದಿಂದ ಟೊಳ್ಳನ್ನು ಮತ್ತೆ ಮತ್ತೆ ತೊಳೆದೆ. ಹುಳುಗಳು ಹೊಳ್ಳೆಯಿಂದಲೂ ಹೊರಬಂದವು. ಚರ್ಮದಡಿಗೆ ಹುಳು ಕೊಲ್ಲುವ ಮದ್ದಾದ ಐವರ್‌ಮೆಕ್ಟಿನ್ ಕೊಟ್ಟೆ. ಶೇಕಡ 1ರ ಮದ್ದಾದರೆ 50 ಕಿಲೋ ತೂಕಕ್ಕೆ 1 ಮಿಲಿಲೀಟರ್ ಲೆಕ್ಕ. ಹಾಲು ಕರೆಯುವ ಹಸುವಿಗೆ ಇದನ್ನು ನಾನು ಕೊಡುವುದಿಲ್ಲ. ಎಂಟು ದಿನ ದಿನಾ ಹೋಗಿ ತೊಳೆದು, ಗಾಯದ ಬಾಯಿಗೆ ಹೊಸ ಬಟ್ಟೆ ಕಟ್ಟಿದೆ. ಮೂರನೆಯ ದಿನ ಮತ್ತೆ ನಾಲ್ಕು ಹುಳು ಸಿಕ್ಕವು. ಆ ದಿನ ಹೋಗದೆ ಇದ್ದಿದ್ದರೆ ಮೊದಲಿನ ತಪ್ಪೇ ಮರುಕಳಿಸುತ್ತಿತ್ತು.

ಬೆಳೆಗೆ ಹಾಕುವ ಕೀಟನಾಶಕದ ಪುಡಿಯನ್ನು ಗಾಯಕ್ಕೆ ತುಂಬುವವರನ್ನು ಕಂಡಿದ್ದೇನೆ. ಹುಳು ಸಾಯಬಹುದು, ಆದರೆ ಆ ವಿಷ ರಕ್ತಕ್ಕಿಳಿದು, ದನ ಜೊಲ್ಲು ಸುರಿಸುತ್ತ ನಡುಗಿ ಬಿದ್ದಾಗ ಪ್ರತಿಮದ್ದಾದ ಅಟ್ರೋಪಿನ್ ಕೊಟ್ಟರೂ ಎಲ್ಲವೂ ಉಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಹುಳು ಬೀಳದಂತೆ ಹುಟ್ಟಿದ ಕರುವಿನ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚುವುದು, ನೊಗ ಉಜ್ಜಿದ ಹೆಗಲನ್ನೂ ಕಾಲುಬಾಯಿ ರೋಗದಲ್ಲಿ ಒಡೆದ ಗೊರಸಿನ ಸಂದನ್ನೂ ದಿನಾ ಬಗ್ಗಿ ನೋಡುವುದು, ಇದಕ್ಕೆ ಹೆಚ್ಚು ಖರ್ಚೇನೂ ಇಲ್ಲ.

ಒಮ್ಮೆ ಕರುವಿನ ಹೊಕ್ಕುಳು ತೊಳೆಯುತ್ತಿದ್ದಾಗ, ಜಗುಲಿಯ ಮೇಲೆ ಕುಳಿತಿದ್ದ ಆ ಮನೆಯ ಅಜ್ಜಿ ಕಾಲಿಗೆ ಸುತ್ತಿದ್ದ ಬಟ್ಟೆಯ ಮೇಲೆ ನೊಣ ಕೂರುವುದನ್ನು ಕಂಡೆ. ಅವರಿಗೆ ಸಕ್ಕರೆ ಕಾಯಿಲೆಯಿದ್ದು ಅಂಗಾಲು ಮರಗಟ್ಟಿತ್ತು. ಬಟ್ಟೆ ಬಿಚ್ಚಿದರೆ ಬೆರಳ ಸಂದಿನ ಹುಣ್ಣಿನಲ್ಲಿ ಅದೇ ಬಿಳಿ ತುದಿಗಳು ಅಲುಗಾಡುತ್ತಿದ್ದವು. ಮನುಷ್ಯರ ಗಾಯಕ್ಕೆ ಕೈಹಾಕುವುದು ನನ್ನ ಕೆಲಸವಲ್ಲ. ನನ್ನ ಜೀಪಿನಲ್ಲೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ಹಿಂದಿರುಗಿ ಬಂದು ಕರುವಿನ ಹೊಕ್ಕುಳಿಗೆ ಪಟ್ಟಿ ಕಟ್ಟಿದೆ.