ಚರಂಡಿ ನೀರು ಸ್ನಾನಘಟ್ಟ ಮುಟ್ಟದ ಹಾಗೆ ಮಾಡಿದ್ದು: ನನ್ನ ಅನುಭವ

‘ಮಳೆ ನೀರು ಗಲೀಜಾಗಿದೆ ಅಂದ್ರೆ ಅದಕ್ಕೆ ಯಾವ ಹೆಡ್‌ನಲ್ಲಿ ದುಡ್ಡು ಕೊಡೋದು ಸ್ವಾಮಿ?’

2021ರಲ್ಲಿ ನಾನು ಹೊಸದಾಗಿ ಪಂಚಾಯಿತಿ ಅಧ್ಯಕ್ಷನಾಗಿದ್ದಾಗ ಮೇಲಿನ ಕಚೇರಿಯೊಂದರಲ್ಲಿ ನನ್ನನ್ನು ಕೇಳಿದ ಮಾತು ಇದು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಒಂದು ಹೆಡ್‌ನಲ್ಲಿ, ಅಂದರೆ ಒಂದೇ ಅನುದಾನದ ಲೆಕ್ಕದಲ್ಲಿ ಬರುವುದಿಲ್ಲ, ನಾಲ್ಕರಲ್ಲಿ ಬರುತ್ತದೆ. ಅದನ್ನು ಹೊಂದಿಸೋಕೆ ನನಗೆ ಮೂರು ವರ್ಷ ಹಿಡಿಯಿತು. ಸದಸ್ಯರಾಗಿ, ಪಿಡಿಒ ಆಗಿ ಕೆಲಸ ಮಾಡುವವರಿಗೆ ಆ ಮೂರು ವರ್ಷ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಊರು. ಜನಸಂಖ್ಯೆ 3,200ರ ಆಸುಪಾಸು. ಊರ ಚರಂಡಿಗಳೆಲ್ಲ ಒಂದು ಹಳ್ಳಕ್ಕೆ ಬೀಳುತ್ತವೆ. ಆ ಹಳ್ಳ ಸ್ನಾನಘಟ್ಟಕ್ಕಿಂತ ಸುಮಾರು 60 ಮೀಟರ್ ಮೇಲೆ ನದಿ ಸೇರುತ್ತದೆ. ಸಂಕ್ರಾಂತಿಗೆ, ಮಹಾಲಯ ಅಮಾವಾಸ್ಯೆಗೆ ಹೊರಗಿನಿಂದಲೂ ಜನ ಬಂದು ಮೀಯುತ್ತಾರೆ. ಬೇಸಿಗೆ ರಜೆಯಲ್ಲಂತೂ ಮಕ್ಕಳು ಮೂರು ಹೊತ್ತೂ ನೀರಿನಲ್ಲೇ. ಬೇಸಿಗೆ ಪೂರ್ತಿ ಚರಂಡಿಯಲ್ಲಿ ಕೂತ ಕೊಳಕು, ಬೀದಿ ಬದಿಯ ತಿಪ್ಪೆ, ಕೋಳಿ ಅಂಗಡಿಯ ಪುಕ್ಕ, ಎಲ್ಲ ಭರಣಿ ಮಳೆಗೆ ಒಂದೇ ಸಲ ಇಳಿದು ಬರುತ್ತಿತ್ತು. ಆ ವಾರ ಮಿಂದ ಮಕ್ಕಳಿಗೆ ಮೈ ಕಡಿತ, ಕಿವಿ ಸೋರುವುದು, ವಾಂತಿ ಭೇದಿ. ನನ್ನ ತಮ್ಮನ ಮಗಳು ಒಂದು ಸಲ ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದಳು. ಹಳಬರು ಮಾತ್ರ ‘ಹೊಸ ನೀರು, ಹಂಗೇ ಆಯ್ತದೆ ಬುಡು’ ಅನ್ನುತ್ತಿದ್ದರು.

ಹೊಸ ನೀರಿನದ್ದಲ್ಲ ತಪ್ಪು, ನಮ್ಮ ಚರಂಡಿಯದ್ದು. ಇದನ್ನು ಒಪ್ಪಿಸೋಕೆ ಮೊದಲು ಪರೀಕ್ಷೆ ಬೇಕಿತ್ತು. ಸೀಸೆ ಐಸ್ ಡಬ್ಬದಲ್ಲಿಟ್ಟುಕೊಂಡು ಬೈಕಿನಲ್ಲಿ ಮೈಸೂರಿನ ಲ್ಯಾಬಿಗೆ ಓಡಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಸ್ನಾನದ ನೀರಿನ 100 ಮಿಲಿಯಲ್ಲಿ ಫೀಕಲ್ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) 500ರೊಳಗೆ ಇದ್ದರೆ ಒಳ್ಳೆಯದು, 2,500 ದಾಟಬಾರದು. ನಮ್ಮದು ಮೊದಲ ಮಳೆಯ ಮಾರನೇ ದಿನ 9,000 ಚಿಲ್ಲರೆ ಬಂತು. ಒಂದು ಸ್ಯಾಂಪಲ್ಲಿಗೆ ಒಂದೂವರೆ ಸಾವಿರದ ಮೇಲೆ ಆಗುತ್ತದೆ. ಪದೇ ಪದೇ ಮಾಡಿಸೋಕೆ ಆಗಲ್ಲ. ಅದಕ್ಕೇ ಉಳಿದ ದಿನಗಳಲ್ಲಿ ಕುಡಿಯುವ ನೀರು ಪರೀಕ್ಷೆಗೆ ಪಂಚಾಯಿತಿಗೆ ಕೊಡುತ್ತಾರಲ್ಲ, ಎಚ್2ಎಸ್ ಸೀಸೆ, ಅದನ್ನೇ ಬಳಸಿದೆ. ಲೆಕ್ಕ ಹೇಳಲ್ಲ ಅದು, ಆದರೆ ನೀರು ಕೆಟ್ಟಿದ್ದರೆ ಕಪ್ಪಾಗುತ್ತದೆ. ಗ್ರಾಮಸಭೆಯಲ್ಲಿ ಆರು ಕಪ್ಪು ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಲ್ಯಾಬ್ ವರದಿ ಓದಿದಾಗ ಸುಮ್ನೆ ಕೂತಿದ್ದ ಹೆಂಗಸರು ಇದನ್ನು ನೋಡಿ ಎದ್ದು ಮಾತಾಡಿದರು.

ಹೊರಗಿನವರು ಏನು ಮಾಡುತ್ತಾರೆ ಅಂತಲೂ ನೋಡಿದೆ. ಉಡುಪಿ ಕಡೆ ಹೋದಾಗ ಪಡುಬಿದ್ರಿ ಬೀಚಿಗೆ ಹೋಗಿದ್ದೆ. 2020ರಲ್ಲಿ ಅದಕ್ಕೆ, ಹೊನ್ನಾವರದ ಕಾಸರಕೋಡು ಬೀಚಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು, ಶುಚಿಯಾದ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಆ ಬಾವುಟ ಬೇಕು ಅಂದರೆ ಸಮುದ್ರದ ನೀರನ್ನು ಆಗಾಗ ಪರೀಕ್ಷೆ ಮಾಡಿಸಿ ಜನಕ್ಕೆ ಕಾಣುವ ಹಾಗೆ ಹಾಕಬೇಕು, ಚರಂಡಿ ನೀರು ಬೀಚಿಗೆ ತಾಗಬಾರದು. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಇನ್ನೊಂದು ಹೇಳಿದ. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬಂದ ಮೇಲೆ ಮೂರು ದಿನ ಸಮುದ್ರಕ್ಕೆ ಇಳಿಯಬೇಡಿ ಅಂತ ಎಚ್ಚರಿಸುತ್ತಾರಂತೆ. ಲಾಸ್ ಏಂಜಲಿಸ್ ಕೌಂಟಿಯಲ್ಲಿ 2018ರಲ್ಲಿ ಜನರೇ ವೋಟು ಹಾಕಿ ಒಂದು ತೆರಿಗೆ ಒಪ್ಪಿಕೊಂಡರು. ನೀರು ಇಂಗದ ಹಾಗೆ ಕಾಂಕ್ರೀಟು ಹಾಕಿದ ಜಾಗಕ್ಕೆ ಚದರ ಅಡಿಗೆ ಎರಡೂವರೆ ಸೆಂಟ್. ಆ ದುಡ್ಡು ಮಳೆ ನೀರು ಹಿಡಿಯೋಕೆ, ಶುದ್ಧ ಮಾಡೋಕೆ ಹೋಗುತ್ತದೆ. ಕಡಲಿಗೆ ಅಷ್ಟು ಮಾಡುವಾಗ ಕಾವೇರಿಗೆ ನಾವು ಇಷ್ಟಾದರೂ ಮಾಡಬಾರದಾ ಅಂತ ನನಗೆ ಹಟ ಬಂತು.

ಮೊದಲು ಒಬ್ಬ ಖಾಸಗಿ ಸಲಹೆಗಾರರನ್ನು ಕರೆಸಿದೆವು. ಅವರು ಕೊಟ್ಟ ಅಂದಾಜು 1 ಕೋಟಿ 40 ಲಕ್ಷ. ಯಂತ್ರದಿಂದ ನೀರು ಶುದ್ಧ ಮಾಡುವ ಘಟಕ, ಅದಕ್ಕೆ ಮೋಟಾರು, ಗಾಳಿ ಊದುವ ಬ್ಲೋವರು, ಆಪರೇಟರು. ನಮ್ಮ ಪಂಚಾಯಿತಿಯ ಕಂದಾಯದಲ್ಲಿ ಅದರ ಕರೆಂಟ್ ಬಿಲ್ಲೂ ಕಟ್ಟೋಕಾಗಲ್ಲ. ಆ ಕಡತ ಅಲ್ಲಿಗೇ ಮುಚ್ಚಿದೆ.

2022ರ ಬೇಸಿಗೆಯಲ್ಲಿ ನನ್ನದೇ ಯೋಚನೆಯಲ್ಲಿ ಒಂದು ಮಾಡಿಸಿದೆ. ಹಳ್ಳಕ್ಕೆ ಅಡ್ಡ ಸಣ್ಣ ಕಟ್ಟೆ. ದಿನದ ಚರಂಡಿ ನೀರು, ಮೊದಲ ಮಳೆಯ ಕೊಳಕು ನೀರು ಎರಡೂ ಪಕ್ಕದ ಪೈಪಿನಿಂದ ಜಲ್ಲಿ ಮರಳಿನ ಹಾಸಿಗೆಗೆ ಹೋಗಬೇಕು, ಜೋರು ನೀರು ಬಂದರೆ ಕಟ್ಟೆ ಮೇಲೆ ಹರಿದು ನದಿಗೆ ಹೋಗಲಿ. ಅನುದಾನ ಯಾರೂ ಕೊಡದ ಕಾರಣ ಸ್ವಂತ ಸಂಪನ್ಮೂಲದಿಂದ 1 ಲಕ್ಷ 80 ಸಾವಿರ ಹಾಕಿದೆವು. ಒಂದೂವರೆ ತಿಂಗಳಲ್ಲಿ ಹಾಸಿಗೆ ಕಟ್ಟಿಕೊಂಡಿತು. ಎರಡು ತಪ್ಪು ಮಾಡಿದ್ದೆ. ಹೂಳು ತೊಟ್ಟಿ ಇಲ್ಲದೆ ನೇರವಾಗಿ ನೀರು ಬಿಟ್ಟಿದ್ದೆ. ಮರಳು ದುಬಾರಿ ಅಂತ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಯ ಮರಳು ತರಿಸಿದ್ದೆ. ಅದರ ನುಣ್ಣನೆ ಪುಡಿ ಕೆಳಗಿಳಿದು ಜಲ್ಲಿಯ ಸಂದಿಯಲ್ಲಿ ಸಿಮೆಂಟಿನ ಹಾಗೆ ಕೂತಿತು. ಆಮೇಲೆ ಅಕ್ಟೋಬರ್ ಮಳೆ. ಆ ವರ್ಷ ಮಂಡ್ಯ, ಮೈಸೂರು ಕಡೆ ಹೇಗೆ ಸುರಿಯಿತು ಅಂತ ನಿಮಗೂ ನೆನಪಿರುತ್ತದೆ. ಕಟ್ಟೆಯ ಒಂದು ಪಕ್ಕ ಕೊಚ್ಚಿಕೊಂಡು ಹೋಯಿತು. ಮುಂದಿನ ಗ್ರಾಮಸಭೆಯಲ್ಲಿ ನನ್ನನ್ನು ನಿಲ್ಲಿಸಿ ಲೆಕ್ಕ ಕೇಳಿದರು. ಕೊಟ್ಟೆ. ನಮ್ಮ ಪಿಡಿಒ ಮೇಡಂ ಒಬ್ಬರೇ ಅವತ್ತು ನನ್ನ ಪರವಾಗಿ ಮಾತಾಡಿದ್ದು.

ಆ ರಾತ್ರಿ ಕೂತು ಮಾರ್ಗಸೂಚಿಗಳನ್ನೆಲ್ಲ ಹರಡಿಕೊಂಡಾಗ ದಾರಿ ಕಂಡಿತು. ಅಲ್ಲೀವರೆಗೆ ನಾನು ‘ಮಳೆ ನೀರು ಶುದ್ಧೀಕರಣ’ ಅಂತ ಒಂದೇ ಎಸ್ಟಿಮೇಟ್ ಕಳಿಸುತ್ತಿದ್ದೆ. ಅದು ಮೂರು ಸಲ ವಾಪಸ್ ಬಂದಿತ್ತು. ಆ ಹೆಸರಿನ ಕೆಲಸ ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಅದೇ ಕೆಲಸವನ್ನು ಬಿಡಿಸಿ ನೋಡಿದರೆ ಪ್ರತಿ ತುಂಡಿಗೂ ಒಂದು ಹೆಡ್ ಇತ್ತು. ಮಳೆ ಇಲ್ಲದ ದಿನ ಹಳ್ಳದಲ್ಲಿ ಹರಿಯುವುದು ಬಚ್ಚಲು ನೀರು, ಅಂದರೆ ಬೂದು ನೀರು. ಅದಕ್ಕೆ ಸ್ವಚ್ಛ ಭಾರತ್ ಎರಡನೇ ಹಂತದಲ್ಲಿ 5,000 ಜನಸಂಖ್ಯೆ ತನಕದ ಊರಿಗೆ ತಲಾ 280 ರೂಪಾಯಿ ವರೆಗೆ ಇತ್ತು. ನಮಗೆ 9 ಲಕ್ಷದ ಹತ್ತಿರ ಬಂತು. ಅದರಲ್ಲಿ ಶೇ. 30 ಪಂಚಾಯಿತಿ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. 15ನೇ ಹಣಕಾಸಿನ ನಿರ್ಬಂಧಿತ ಅನುದಾನದಲ್ಲಿ, ಅಂದರೆ ಇಂಥದ್ದಕ್ಕೇ ಅಂತ ಕೊಡುವ ದುಡ್ಡಿನಲ್ಲಿ, ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆ ನೀರು ಕೊಯ್ಲು, ಮರುಬಳಕೆಗೆ ಇತ್ತು. ಸೋಸಿ ಹೊರಬರುವ ನೀರಿಗೆ ಒಂದು ಕೊಳ ತೋರಿಸಿದರೆ ಆ ಇನ್ನರ್ಧವೂ ಸೇರುತ್ತಿತ್ತು. ಅಲ್ಲಿಂದ ಎರಡೂವರೆ ಲಕ್ಷ. ಮಣ್ಣು ಕೆಲಸ ಪೂರ್ತಿ ನರೇಗಾದಲ್ಲಿ, ಸುಮಾರು 900 ಮಾನವ ದಿನ. ಆಗ ದಿನಕ್ಕೆ 316 ರೂಪಾಯಿ ಕೂಲಿ. ಕೂಲಿ ಮತ್ತು ಸಾಮಗ್ರಿಯ 60:40 ಲೆಕ್ಕ ಕೆಡದ ಹಾಗೆ ಸಾಮಗ್ರಿಗೆ ಒಂದೂವರೆ ಲಕ್ಷ ಮಾತ್ರ ಇಟ್ಟೆವು. ಪರೀಕ್ಷೆಗೆ, ಬೇಲಿಗೆ ಸ್ವಂತ ಸಂಪನ್ಮೂಲ, 1 ಲಕ್ಷ. ಎಲ್ಲ ಕೂಡಿ 17 ಲಕ್ಷದೊಳಗೆ ಮುಗಿಯಿತು. ಕೋಟಿಯ ಕೆಲಸವನ್ನು 17 ಲಕ್ಷಕ್ಕೆ ಮಾಡಿದ್ದೇವೆ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಒಂದು ಎಚ್ಚರಿಕೆ. ನಾಲ್ಕು ಎಸ್ಟಿಮೇಟ್ ಇದ್ದರೆ ನಾಲ್ಕು ಎಂಬಿ ಪುಸ್ತಕ (ಕೆಲಸದ ಅಳತೆ ಬರೆಯುವ ಪುಸ್ತಕ), ನಾಲ್ಕು ಕಡೆ ಜಿಯೋಟ್ಯಾಗ್ ಫೋಟೊ, ಅಂದರೆ ಜಾಗದ ಗುರುತಿರುವ ಫೋಟೊ. ಒಂದೇ ಅಳತೆ ಎರಡು ಕಡೆ ಬಿದ್ದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ನಾವು ಪ್ರತಿ ತುಂಡಿನ ಗಡಿಗೂ ಬಣ್ಣದ ಕಲ್ಲು ನೆಟ್ಟಿದ್ದೆವು. ಎಸ್ಟಿಮೇಟ್‌ಗಳ ಶೀರ್ಷಿಕೆ ಹೇಗೆ ಬರೆದೆವು, ಯಾವುದನ್ನು ಮೊದಲು ಕಳಿಸಿದೆವು ಅನ್ನೋದನ್ನು ಇಲ್ಲಿ ಬರೆಯಲ್ಲ. ಊರಿಗೆ ಬಂದವರಿಗೆ ಕಡತವನ್ನೇ ತೋರಿಸುತ್ತೇನೆ.

2023ರಲ್ಲಿ ಬರ. ಕೆಲಸಕ್ಕೆ ಅದು ಒಳ್ಳೆಯದಾಯಿತು, ಹಳ್ಳ ಒಣಗಿತ್ತು, ಜನಕ್ಕೂ ಕೂಲಿ ಬೇಕಿತ್ತು. ಈ ಸಲ ಎರಡು ಹೂಳು ತೊಟ್ಟಿ. ಕೆಳಗೆ 40 ಎಂಎಂ ಜಲ್ಲಿ, ಮೇಲೆ 20 ಎಂಎಂ, ಅದರ ಮೇಲೆ ತೊಳೆದ ದಪ್ಪ ಮರಳು. ಪೈಪು 6 ಇಂಚಿನಿಂದ 8ಕ್ಕೆ. ಕಟ್ಟೆ ಎತ್ತರ ಮುಕ್ಕಾಲು ಅಡಿ, ಅದರ ಬಾಯಿಯ ಆಕಾರ ಮಾತ್ರ ನನ್ನ ಮತ್ತು ನಮ್ಮ ಮೇಸ್ತ್ರಿಯ ಗುಟ್ಟು. ಹಾಸಿಗೆಯಲ್ಲಿ ಜೊಂಡು, ಕಾಬಾಳೆ ನೆಟ್ಟೆವು. ಮೊದಲ ಸಲದ ಗಿಡ ನೀರಿಲ್ಲದೆ ಒಣಗಿತು. ಎರಡನೇ ಸಲದ್ದನ್ನು ಎಮ್ಮೆಗಳು ಮೇಯ್ದವು. ಆಮೇಲೆ ತಂತಿ ಬೇಲಿ ಹಾಕಿದೆವು. ಸಾಮಗ್ರಿ ಬಿಲ್ ಏಳು ತಿಂಗಳು ಬರಲಿಲ್ಲ. ಜಲ್ಲಿ ಕೊಟ್ಟವರು ಬೆಳಗ್ಗೆ ಬೆಳಗ್ಗೆ ಮನೆ ಬಾಗಿಲಿಗೆ ಬರುತ್ತಿದ್ದರು. ನಾನೇ ಜಾಮೀನು ನಿಂತಿದ್ದೆ. ಕಬ್ಬಿನ ದುಡ್ಡಲ್ಲಿ 60 ಸಾವಿರ ಅವರಿಗೆ ಕೈಗಡ ಕೊಟ್ಟು ತಡೆದೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ನುಗ್ಗೆ ಬೀಜದ ಪುಡಿ ಡ್ರಮ್ಮಿಗೆ ಹಾಕಿ ನೋಡಿದೆ. ನೀರು ತಿಳಿಯಾಯಿತು, ಎರಡು ದಿನಕ್ಕೆ ನಾತ ಹೊಡೆಯಿತು, ಬಿಟ್ಟೆ. ಲಾಸ್ ಏಂಜಲಿಸ್ ತೆರಿಗೆ ತಲೆಯಲ್ಲಿತ್ತಲ್ಲ, ಊರಿನ ಕಲ್ಯಾಣ ಮಂಟಪದ ಯಜಮಾನರ ಹತ್ತಿರ ಹೋಗಿ ‘ಅಣ್ಣಾ, ನಿಮ್ಮ ಸಿಮೆಂಟ್ ಅಂಗಳದ ನೀರೆಲ್ಲ ಹಳ್ಳಕ್ಕೇ ಬರ್ತದೆ, ನೀವೇ ಒಂದು ಇಂಗು ಗುಂಡಿ ತೆಗೆಸ್ಬೇಕು’ ಅಂದೆ. ಮೂರು ತೆಗೆಸಿದರು, ಅವರ ಖರ್ಚಲ್ಲೇ. ಮನೆಗಳಲ್ಲಿ 140 ಬಚ್ಚಲು ಗುಂಡಿ ನರೇಗಾದಲ್ಲಿ ಆದವು. ಕೋಳಿ ಅಂಗಡಿ ಕಸಕ್ಕೆ ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಯನ್ನು ಭಾನುವಾರ ಸಂಜೆಯೂ ಓಡಿಸಿದೆವು. ಇದರಿಂದಲೇ ಅರ್ಧ ಕೊಳಕು ಕಡಿಮೆಯಾಯಿತು ಅನ್ನೋದು ನನ್ನ ಅಂದಾಜು. ಕೊಳದಲ್ಲಿ ಸೊಳ್ಳೆ ಆಗುತ್ತೆ ಅಂತ ಆಶಾ ಅಕ್ಕ ಹೆದರಿಸಿದರು. ಆರೋಗ್ಯ ಇಲಾಖೆಯಿಂದ ಗಪ್ಪಿ ಮೀನು ತಂದು ಬಿಟ್ಟ ಮೇಲೆ ಆ ಚಿಂತೆ ಹೋಯಿತು.

2024ರ ಮೇ ತಿಂಗಳ ಮಳೆಗೆ ಹಾಸಿಗೆ ಮೊದಲ ಸಲ ಪೂರ್ತಿ ಕೆಲಸ ಮಾಡಿತು. ನಾನು ಕೊಡೆ ಹಿಡಿದುಕೊಂಡು ಎರಡು ಗಂಟೆ ಅಲ್ಲೇ ನಿಂತಿದ್ದೆ. ಕಪ್ಪು ನೀರು ಪಕ್ಕಕ್ಕೆ ತಿರುಗಿ ಹೋಯಿತು, ಮುಕ್ಕಾಲು ಗಂಟೆ ಆದ ಮೇಲೆ ಕೆಂಪು ಮಣ್ಣಿನ ನೀರು ಕಟ್ಟೆ ದಾಟಿತು. ಮಾರನೇ ದಿನ ಘಟ್ಟದ ಸ್ಯಾಂಪಲ್ 1,700 ಬಂತು. ಜುಲೈ ಕೊನೆಗೆ ಕೆಆರ್‌ಎಸ್‌ನಿಂದ ಲಕ್ಷಕ್ಕಿಂತ ಜಾಸ್ತಿ ಕ್ಯೂಸೆಕ್ಸ್ ಬಿಟ್ಟಾಗ ಹೊಳೆ ಉಕ್ಕಿ ಕೊಳವನ್ನೇ ಮುಳುಗಿಸಿತು. ಹೂಳು ತೆಗೆಯೋಕೆ ಹನ್ನೆರಡು ಜನಕ್ಕೆ ಆರು ದಿನ ಹಿಡಿಯಿತು. ಹಾಸಿಗೆಗೆ ಏನೂ ಆಗಿರಲಿಲ್ಲ. 2025ರ ಮೊದಲ ಮಳೆಗೆ 1,100ರ ಹತ್ತಿರ. 500ಕ್ಕೆ ಇನ್ನೂ ದೂರ ಇದೆ. ಅದಕ್ಕೇ ಮಳೆ ಬಂದ ಮೂರು ದಿನ ಮೀಯಬೇಡಿ ಅಂತ ಘಟ್ಟದಲ್ಲಿ ಬೋರ್ಡು ಹಾಕಿದ್ದೇವೆ, ಸೀಸೆಯ ಬಣ್ಣವನ್ನೂ ಅದರಲ್ಲೇ ಬರೆಯುತ್ತೇವೆ.

ಖರ್ಚು ಈಗ ತಿಂಗಳಿಗೆ 6 ಸಾವಿರ, ಇಬ್ಬರು ಹೂಳು ತೊಟ್ಟಿ ತೆಗೆಯುತ್ತಾರೆ. ವರ್ಷಕ್ಕೆ ಎರಡು ಸಲ ಮೇಲಿನ ಮೂರಿಂಚು ಮರಳು ಕೆರೆದು ತೊಳೆದು ಹಾಕಬೇಕು. ಅದರಲ್ಲಿ ಒಂದು ಸಲದ್ದನ್ನು ಯುಗಾದಿ ಒಳಗೆ ಮುಗಿಸಿ. ಅಶ್ವಿನಿ ಮಳೆ ಶುರುವಾದ ಮೇಲೆ ಕೆರೆಯೋಕೆ ಹೋದರೆ ಆ ವರ್ಷದ ಮೊದಲ ಕೊಳಕು ನಿಮ್ಮ ಕೈ ತಪ್ಪಿ ಹೊಳೆಗೆ ಹೋಗಿರುತ್ತದೆ.