ಹಳೆಯ ಕಂಪ್ಯೂಟರ್‌ನಲ್ಲಿ ಹೆಚ್ಚಿನ ರೆಸಲ್ಯೂಶನ್: ತಡೆ ಎಲ್ಲಿದೆ, ಬಿಡಿಸುವುದು ಹೇಗೆ

ಹೊಸ ಮಾನಿಟರನ್ನು ಹಳೆಯ ಕಂಪ್ಯೂಟರ್‌ಗೆ ಜೋಡಿಸಿದಾಗ ಅಕ್ಷರಗಳು ಅಡ್ಡಕ್ಕೆ ಹಿಗ್ಗಿ ಮಸುಕಾಗಿ ಕಾಣುತ್ತವೆಯೇ? ರೆಸಲ್ಯೂಶನ್ ಪಟ್ಟಿ 1024×768ಕ್ಕೇ ಮುಗಿದುಹೋಗುತ್ತದೆಯೇ? ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ಗೆ ಶಕ್ತಿ ಸಾಲದು ಎಂದುಕೊಂಡು ಹೊಸದನ್ನು ಕೊಳ್ಳಲು ಹೊರಡಬೇಡಿ. ಪಿಕ್ಸೆಲ್‌ಗೆ 4 ಬೈಟ್‌ನಂತೆ ಲೆಕ್ಕ ಹಾಕಿದರೆ 1920×1080ರ ಒಂದು ಪೂರ್ಣ ಪರದೆಗೆ ಬೇಕಾಗುವುದು ಸುಮಾರು 8 ಎಂಬಿ ಮೆಮೊರಿ. 64 ಎಂಬಿ ಇರುವ ಕಾರ್ಡ್‌ಗೂ ಅದು ಹೊರೆಯಲ್ಲ. ತಡೆ ಇರುವುದು ಹೆಚ್ಚಾಗಿ ಡ್ರೈವರ್, ಕೇಬಲ್, ಪೋರ್ಟ್ ಈ ಮೂರರಲ್ಲಿ ಒಂದರಲ್ಲಿ. ಇದೇ ಕ್ರಮದಲ್ಲಿ ನೋಡಿಕೊಂಡು ಬನ್ನಿ.

ಮೊದಲು ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಏನಿದೆ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ (ವಿಂಡೋಸ್ 7ರಲ್ಲಿ ‘ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್’) ಕಾರ್ಡ್‌ನ ಸ್ವಂತ ಡ್ರೈವರ್ ಬಂದೇ ಇಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅಲ್ಲಿಂದ ಹಾರ್ಡ್‌ವೇರ್ ಐಡಿಗೆ ಹೋಗಿ. ತಯಾರಕರ ಸಂಖ್ಯೆ 10ಡಿಇ ಆದರೆ ಎನ್‌ವಿಡಿಯಾ, 1002 ಆದರೆ ಎಎಂಡಿ, 8086 ಆದರೆ ಇಂಟೆಲ್. ಹಳೆಯ ಕಾರ್ಡ್‌ಗೆ ಇತ್ತೀಚಿನ ಡ್ರೈವರ್ ಹಾಕಲು ಹೋದರೆ ‘ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಅದರ ಕಾಲದ ಕೊನೆಯ ಡ್ರೈವರನ್ನೇ ಹುಡುಕಬೇಕು. ಉದಾಹರಣೆಗೆ, ವಿಂಡೋಸ್‌ನಲ್ಲಿ ಎನ್‌ವಿಡಿಯಾದ ಜಿಫೋರ್ಸ್ 400 ಮತ್ತು 500 ಸರಣಿಗೆ 391.35ನೇ ಆವೃತ್ತಿ. ಮೊದಲೇ ಬೇರೆ ಕಂಪನಿಯ ಕಾರ್ಡ್ ಇತ್ತೆಂದರೆ ಅದರ ಡ್ರೈವರನ್ನು ಪೂರ್ತಿ ತೆಗೆದ ಮೇಲೆ ಹೊಸದನ್ನು ಹಾಕಿ.

ಡ್ರೈವರ್ ಸರಿಯಿದ್ದೂ ಪಟ್ಟಿ ಚಿಕ್ಕದಾಗಿಯೇ ಇದ್ದರೆ, ಅದೇ ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ಸ್ ಕಡೆ ಕಣ್ಣಾಡಿಸಿ. ‘ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್’ ಎಂದಿದ್ದರೆ ಕಾರ್ಡ್‌ಗೆ ಎದುರಿಗಿರುವ ಮಾನಿಟರ್ ಯಾವುದೆಂದೇ ತಿಳಿದಿಲ್ಲ. ಪ್ರತಿ ಮಾನಿಟರ್‌ನಲ್ಲೂ ತಾನು ಏನೇನು ತೋರಿಸಬಲ್ಲೆ ಎಂದು ಹೇಳುವ ಇಡಿಐಡಿ ಎಂಬ ಚಿಕ್ಕ ದಾಖಲೆ ಇರುತ್ತದೆ. ಮೂಲ ಭಾಗ ಬರೀ 128 ಬೈಟ್. ವಿಜಿಎ ಕೇಬಲ್‌ನಲ್ಲಿ ಅದು ಹಾಯುವುದು 12 ಮತ್ತು 15ನೇ ಪಿನ್ ಮೂಲಕ. ಪ್ಲಗ್‌ನ ಅಗಲ ಬದಿ ಮೇಲೆ ಬರುವಂತೆ ಹಿಡಿದು ಪಿನ್‌ಗಳನ್ನು ಎದುರಿನಿಂದ ನೋಡಿ: ಕೆಳಸಾಲಿನಲ್ಲಿ ಎಡದಿಂದ ಎರಡನೆಯದು 12, ಬಲತುದಿಯದು 15. ಇವೆರಡರಲ್ಲಿ ಒಂದು ಬಾಗಿದ್ದರೂ ಮುರಿದಿದ್ದರೂ ಚಿತ್ರ ಚೆನ್ನಾಗಿಯೇ ಬರುತ್ತದೆ, ದೊಡ್ಡ ರೆಸಲ್ಯೂಶನ್ ಮಾತ್ರ ಪಟ್ಟಿಯಲ್ಲಿ ಕಾಣುವುದಿಲ್ಲ. (ನಡುಸಾಲಿನ 9ನೇ ಪಿನ್ ಹಲವು ಕೇಬಲ್‌ಗಳಲ್ಲಿ ತಯಾರಾದಾಗಲೇ ಇರುವುದಿಲ್ಲ, ಅದು ಮುರಿದದ್ದೆಂದು ಗಾಬರಿ ಬೇಡ.) ಮಧ್ಯೆ ಸ್ಪ್ಲಿಟರ್ ಅಥವಾ ಕೆವಿಎಂ ಸ್ವಿಚ್ (ಒಂದೇ ಮಾನಿಟರ್, ಕೀಬೋರ್ಡನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಪೆಟ್ಟಿಗೆ) ಇದ್ದರೆ ಅದನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಿ.

ಇನ್ನು ಪೋರ್ಟ್. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಲೆಕ್ಕವನ್ನು ನಿಧಾನವಾಗಿ ತಿಳಿದುಕೊಳ್ಳಿ. ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಕಳಿಸಬೇಕು ಎಂಬುದೇ ಪಿಕ್ಸೆಲ್ ಕ್ಲಾಕ್. ಸಿಂಗಲ್ ಲಿಂಕ್ ಡಿವಿಐ ಮತ್ತು ಮೊದಲ ಕಾಲದ ಎಚ್‌ಡಿಎಂಐ ಎರಡಕ್ಕೂ ಮಿತಿ 165 ಮೆಗಾಹರ್ಟ್ಸ್. 1920×1080ನ್ನು 60 ಹರ್ಟ್ಸ್‌ನಲ್ಲಿ ತೋರಿಸಲು ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳಿಗೆ ಸುಮಾರು 124 ಮೆಗಾಹರ್ಟ್ಸ್ ಸಾಕು. ಆದರೆ ಪ್ರತಿ ಸಾಲಿನ ಕೊನೆಗೂ ಪ್ರತಿ ಚಿತ್ರದ ಕೊನೆಗೂ ಬಿಡುವಿನ ಸಮಯ ಸೇರುತ್ತದೆ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಹಿಂದಿರುಗಲು ಆ ಬಿಡುವು ಬೇಕಿತ್ತು. ಹಾಗೆ ಸೇರಿಸಿದಾಗ ಸಿವಿಟಿ ಎಂಬ ಪ್ರಮಾಣಿತ ಲೆಕ್ಕದಲ್ಲಿ 173 ಮೆಗಾಹರ್ಟ್ಸ್ ಆಗಿ ಮಿತಿ ದಾಟುತ್ತದೆ. ಎಲ್‌ಸಿಡಿಗೆ ಅಷ್ಟು ಬಿಡುವು ಬೇಕಿಲ್ಲ. ‘ರೆಡ್ಯೂಸ್ಡ್ ಬ್ಲ್ಯಾಂಕಿಂಗ್’ ಆರಿಸಿದರೆ ಅದೇ ಚಿತ್ರ 138.5ಕ್ಕೆ ಇಳಿದು ಸಲೀಸಾಗಿ ಹೋಗುತ್ತದೆ; 1920×1200 ಕೂಡ 154ರಲ್ಲಿ ಹೋಗುತ್ತದೆ.

2560×1440ಕ್ಕೆ ಈ ಉಪಾಯ ಸಾಲದು, ಏಕೆಂದರೆ ಬಿಡುವು ತಗ್ಗಿಸಿದರೂ 241.5 ಬೇಕು. ಅದಕ್ಕೆ ಡ್ಯುಯಲ್ ಲಿಂಕ್ ಡಿವಿಐ (330), ಎಚ್‌ಡಿಎಂಐ 1.3ರಿಂದ ಮುಂದಿನದು (340) ಅಥವಾ ಡಿಸ್‌ಪ್ಲೇಪೋರ್ಟ್ ಇರಬೇಕು. ಡಿವಿಐ ಕೇಬಲ್ ಯಾವುದೆಂದು ತಿಳಿಯಲು ಪಿನ್ ಎಣಿಸಿ. ಎಂಟರಂತೆ ಮೂರು ಸಾಲು ತುಂಬಿ 24 ಇದ್ದರೆ ಡ್ಯುಯಲ್. ಒಂಬತ್ತರ ಎರಡು ಗುಂಪುಗಳಿದ್ದು ನಡುವೆ ಖಾಲಿ ಬಿಟ್ಟಿದ್ದರೆ ಸಿಂಗಲ್. 4ಕೆ ಬೇಕಾದರೆ ಎಚ್‌ಡಿಎಂಐ 1.4ರಲ್ಲಿ 30 ಹರ್ಟ್ಸ್ ಮಾತ್ರ, ಮೌಸ್ ಕುಂಟಿದಂತೆ ಓಡುತ್ತದೆ; 60 ಹರ್ಟ್ಸ್‌ಗೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕೇ ಬೇಕು. ಕನ್ವರ್ಟರ್ ಹಾಕಿದ ಮಾತ್ರಕ್ಕೆ ಕಾರ್ಡ್‌ನ ಪೋರ್ಟ್‌ನ ಮಿತಿ ಹೆಚ್ಚುವುದಿಲ್ಲ.

ಮಿತಿಯೊಳಗಿದ್ದೂ ಪಟ್ಟಿಯಲ್ಲಿಲ್ಲದ ರೆಸಲ್ಯೂಶನನ್ನು ಕೈಯಾರೆ ಸೇರಿಸಬಹುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೇಂಜ್ ರೆಸಲ್ಯೂಶನ್, ಕಸ್ಟಮೈಸ್, ಕ್ರಿಯೇಟ್ ಕಸ್ಟಮ್ ರೆಸಲ್ಯೂಶನ್ ಎಂದು ಹೋಗಿ. ಅಗಲ, ಎತ್ತರ, 60 ಹರ್ಟ್ಸ್ ತುಂಬಿ, ಟೈಮಿಂಗ್‌ನಲ್ಲಿ ‘ಸಿವಿಟಿ ರೆಡ್ಯೂಸ್ಡ್ ಬ್ಲ್ಯಾಂಕ್’ ಆರಿಸಿ ಟೆಸ್ಟ್ ಒತ್ತಿ. ಪರದೆ ಕಪ್ಪಾದರೆ ಏನನ್ನೂ ಮುಟ್ಟದೆ ಕಾಯಿರಿ, ಕೆಲವು ಸೆಕೆಂಡಿನಲ್ಲಿ ಹಳೆಯದಕ್ಕೇ ಮರಳುತ್ತದೆ. ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಎಕ್ಸ್ ಸರ್ವರ್‌ನಲ್ಲಿ ಸಿವಿಟಿ ಕಮಾಂಡ್‌ಗೆ ‘ಆರ್’ ಆಯ್ಕೆ ಕೊಟ್ಟು ಮೋಡ್‌ಲೈನ್ (ಆ ರೆಸಲ್ಯೂಶನ್‌ನ ಟೈಮಿಂಗ್ ವಿವರದ ಸಾಲು) ಪಡೆದು, ಇನ್ನೊಂದು ಕಮಾಂಡ್ ಆದ ಎಕ್ಸ್‌ರ‍್ಯಾಂಡ್‌ಆರ್‌ನಿಂದ ಹೊಸ ಮೋಡ್ ಸೇರಿಸಿ. ‘ಆರ್’ ಬಿಟ್ಟರೆ ಮೇಲೆ ಹೇಳಿದ 173ರ ತೊಡಕೇ ಮತ್ತೆ ಎದುರಾಗುತ್ತದೆ. ಹೀಗೆ ಸೇರಿಸಿದ್ದು ರೀಸ್ಟಾರ್ಟ್ ಆದಾಗ ಅಳಿದುಹೋಗುವುದರಿಂದ ಸ್ಟಾರ್ಟಪ್ ಸ್ಕ್ರಿಪ್ಟ್‌ಗೂ ಹಾಕಿಡಿ. ಮಾನಿಟರ್ ಪರದೆಯ ಮೂಲ ರೆಸಲ್ಯೂಶನ್ ದಾಟಿ ಹೋಗುವುದರಿಂದ ಮಾತ್ರ ಪ್ರಯೋಜನವಿಲ್ಲ, ಅಕ್ಷರ ಮಸುಕಾಗುತ್ತದಷ್ಟೆ.

ಇಷ್ಟಾದರೂ ಪೋರ್ಟ್ ಸಾಲದಿದ್ದರೆ ಆಗ ಕಾರ್ಡ್ ಬದಲಿಸಿ. ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆಂದು ಮಾಡಿದ ಹೊಸ ಕಾರ್ಡ್ ಹಳೆಯ ಆವೃತ್ತಿಯ ಸ್ಲಾಟ್‌ನಲ್ಲೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಅದಕ್ಕೂ ಹಿಂದಿನ ಎಜಿಪಿ ಸ್ಲಾಟ್‌ಗೆ ಅದು ಕೂರುವುದೇ ಇಲ್ಲ. ಉದ್ದ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್. ಪವರ್ ಸಪ್ಲೈನಲ್ಲಿ 6 ಪಿನ್ ವೈರ್ ಇಲ್ಲದಿದ್ದರೆ ಆ ಮಿತಿಯೊಳಗಿನ ಕಾರ್ಡನ್ನೇ ಆರಿಸಿ. ಚಿಕ್ಕ ಕ್ಯಾಬಿನೆಟ್‌ಗೆ ಲೋ ಪ್ರೊಫೈಲ್ ಬ್ರಾಕೆಟ್ (ಗಿಡ್ಡ ಹಿಂಪಟ್ಟಿ) ಜೊತೆಗೇ ಬರುತ್ತದೆಯೇ ಕೇಳಿ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಮಾತ್ರ ಇದ್ದು, ಅದರ ಹೊಸ ರೂಪವಾದ ಯುಇಎಫ್‌ಐ ಇಲ್ಲದ ಹಳೆಯ ಬೋರ್ಡ್‌ಗಳಲ್ಲಿ ಕೆಲವು ಹೊಸ ಕಾರ್ಡ್‌ಗಳು ಪರದೆಯನ್ನೇ ತೋರಿಸುವುದಿಲ್ಲ, ಹಾಗಾಗಿ ಮದರ್‌ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಇದ್ದರೆ ಕಾರ್ಡ್ ಕೂರಿಸುವ ಮೊದಲೇ ಹಾಕಿಕೊಳ್ಳಿ. ಕೂರಿಸಿದ ಮೇಲೆ ಮಾನಿಟರ್ ಕೇಬಲನ್ನು ಬೋರ್ಡ್‌ನ ಪೋರ್ಟ್‌ನಿಂದ ಕಿತ್ತು ಕಾರ್ಡ್‌ಗೆ ಚುಚ್ಚಿ. ಆಗಲೂ ಚಿತ್ರ ಬಾರದಿದ್ದರೆ ಕೇಬಲನ್ನು ಮತ್ತೆ ಬೋರ್ಡ್‌ಗೆ ಹಾಕಿ, ಬಯೋಸ್‌ನ ಪ್ರೈಮರಿ ಡಿಸ್‌ಪ್ಲೇ ಆಯ್ಕೆಯನ್ನು ಪಿಸಿಐ ಎಕ್ಸ್‌ಪ್ರೆಸ್‌ಗೆ ಬದಲಿಸಿ ಸೇವ್ ಮಾಡಿ.