ಎರಡು ಹಲಗೆ, ಒಂದು ಹಿಂಜ್: ನಕ್ಷತ್ರದ ಜೊತೆ ತಿರುಗುವ ಟ್ರ್ಯಾಕರ್ ಮನೆಯಲ್ಲೇ ಮಾಡಿ

ನಕ್ಷತ್ರದ ಫೋಟೋ ತೋರಿಸಿದರೆ ಎಲ್ಲರೂ ಮೊದಲು ಕೇಳುವುದು 'ಯಾವ ಕ್ಯಾಮೆರಾ?' ಅಂತ. ನನ್ನದು ಹಳೆಯ ಕ್ಯಾನನ್ 1200ಡಿ. ಲೆನ್ಸು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ 50 ಎಂಎಂ, ಎಫ್ 1.8. ಇದೇ ಸಾಮಾನು ನಿಮ್ಮ ಹತ್ತಿರವೂ ಇದ್ದರೆ ಹೊಸ ಕ್ಯಾಮೆರಾ ಕೊಳ್ಳಲು ದುಡ್ಡು ಹಾಕಬೇಡಿ. ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ.

ಯಾಕೆ ಅಂತ ಲೆಕ್ಕ ಹೇಳುತ್ತೇನೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ಆರ್ಕ್ ಸೆಕೆಂಡ್ ಅನ್ನುತ್ತಾರೆ. ಭೂಮಿ ತಿರುಗುವುದರಿಂದ ನಕ್ಷತ್ರ ಪ್ರತಿ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ ಜರುಗುತ್ತದೆ. ನನ್ನ ಕ್ಯಾಮೆರಾ ಮತ್ತು 50 ಎಂಎಂ ಲೆನ್ಸು ಸೇರಿದರೆ ಒಂದು ಪಿಕ್ಸೆಲ್ ಸುಮಾರು 18 ಆರ್ಕ್ ಸೆಕೆಂಡಿನಷ್ಟು ಆಕಾಶ ನೋಡುತ್ತದೆ. ಅಂದರೆ ಸೆಕೆಂಡು ಕಳೆದು ಸ್ವಲ್ಪ ಹೊತ್ತಿಗೇ ನಕ್ಷತ್ರ ಪಕ್ಕದ ಪಿಕ್ಸೆಲ್‌ಗೆ ದಾಟುತ್ತದೆ. ನಕ್ಷತ್ರ ಗೆರೆಯಾಗದ ಹಾಗೆ ಎಷ್ಟು ಸೆಕೆಂಡ್ ಫೋಟೋ ತೆಗೆಯಬಹುದು ಅಂತ ತಿಳಿಯಲು, 500ನ್ನು ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸಿನ ಎಂಎಂನಿಂದ, ಭಾಗಿಸಿ ಅನ್ನುವ ಹಳೆಯ ಸೂತ್ರವೊಂದಿದೆ. ಸಣ್ಣ ಸೆನ್ಸರ್ ಅಂತ 50ನ್ನು 1.6ರಿಂದ ಗುಣಿಸಿದರೆ 80, ಉತ್ತರ 6 ಸೆಕೆಂಡ್. ನಾನು ಅದನ್ನು ಒಪ್ಪುವುದಿಲ್ಲ. 6 ಸೆಕೆಂಡಿಗೆ ನಕ್ಷತ್ರ ಐದು ಪಿಕ್ಸೆಲ್ ಉದ್ದದ ಗೀಟಾಗಿರುತ್ತದೆ. ಬರೀ ಟ್ರೈಪಾಡ್ ಆದರೆ 3 ಸೆಕೆಂಡೇ ಮಿತಿ. ಅಷ್ಟರಲ್ಲಿ ಎಷ್ಟು ಬೆಳಕು ಬಂದೀತು? ಕ್ಯಾಮೆರಾವನ್ನೇ ಆಕಾಶದ ಜೊತೆ ತಿರುಗಿಸಿದರೆ ಅದೇ ಲೆನ್ಸು 60 ಸೆಕೆಂಡ್ ಬೆಳಕು ಹಿಡಿಯುತ್ತದೆ. 20 ಪಟ್ಟು.

ಅಂಗಡಿಯ ಟ್ರ್ಯಾಕರಿಗೆ ಹತ್ತಾರು ಸಾವಿರ ಬೇಕು. ಹಲಗೆಯ ಟ್ರ್ಯಾಕರ್ ಯುಕ್ತಿ ಹಳೆಯದು, 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಜಿ. ವೈ. ಹೇಗ್ ತೋರಿಸಿಕೊಟ್ಟದ್ದು. ಎರಡು ಹಲಗೆಗೆ ಒಂದು ಹಿಂಜ್ ಹಾಕಬೇಕು, ಕೆಳಗಿನಿಂದ ಬೋಲ್ಟು ತಿರುಗಿಸಿ ಮೇಲಿನ ಹಲಗೆಯನ್ನು ನಿಧಾನಕ್ಕೆ ಎತ್ತಬೇಕು. ಅಷ್ಟೇ ಕೆಲಸ.

18 ಎಂಎಂ ಪ್ಲೈವುಡ್‌ನಲ್ಲಿ 30 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಎರಡು ತುಂಡು ಕೊಯ್ಸಿಕೊಳ್ಳಿ. ಹಿಂಜ್ ಮಾತ್ರ ಒಳ್ಳೆಯದೇ ಇರಲಿ. ಬಾಗಿಲಿಗೆ ಹಾಕುವ ಬಿಡಿ ಹಿಂಜ್ ಅಲುಗಾಡುತ್ತದೆ. ಅಲಮಾರಿಗೆ ಹಾಕುವ ಉದ್ದನೆಯ ಪಟ್ಟಿ ಹಿಂಜ್ ಕೇಳಿ, ಹಲಗೆಯ ಅಗಲಕ್ಕೆ ಸರಿಯಾಗಿ ಕತ್ತರಿಸಿ ಕೊಡುತ್ತಾರೆ. ಜೊತೆಗೆ ಎಂ6, ಅಂದರೆ 6 ಎಂಎಂ ದಪ್ಪದ ಥ್ರೆಡ್ ರಾಡ್ ಒಂದು ತುಂಡು, ಅದಕ್ಕೆ ನಾಲ್ಕೈದು ನಟ್ಟು.

ಎಂ6 ರಾಡ್ ಒಂದು ಸುತ್ತಿಗೆ ಸರಿಯಾಗಿ 1 ಮಿಲಿಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸಿ ಆಕಾಶದ ವೇಗ ಬರಬೇಕಾದರೆ, ಹಿಂಜಿನ ಪಿನ್ನಿನ ನಡುವಿನಿಂದ ರಾಡಿನ ನಡುವಿಗೆ 228.6 ಮಿಲಿಮೀಟರ್ ಇರಬೇಕು. ಇಡೀ ಯಂತ್ರದಲ್ಲಿ ನೀವು ನೆನಪಿಡಬೇಕಾದ ಅಳತೆ ಇದೊಂದೇ. ನಿಮ್ಮೂರಲ್ಲಿ ಕಾಲು ಇಂಚಿನ, ಇಂಚಿಗೆ 20 ಸುತ್ತಿನ ರಾಡ್ ಮಾತ್ರ ಸಿಕ್ಕರೆ ಆ ದೂರವನ್ನು 290 ಮಿಲಿಮೀಟರ್ ಮಾಡಿಕೊಳ್ಳಿ, ಹಲಗೆಯೂ ಅಷ್ಟು ಉದ್ದ ಬೇಕಾಗುತ್ತದೆ. ತೂತು ಒಂದು ಮಿಲಿಮೀಟರ್ ಆಚೀಚೆ ಆಯಿತು ಅಂತ ಹಲಗೆ ಎಸೆಯಬೇಡಿ. ಅದರಿಂದ ಒಂದು ನಿಮಿಷದಲ್ಲಿ ಆಗುವ ತಪ್ಪು 4 ಆರ್ಕ್ ಸೆಕೆಂಡ್, ಕಾಲು ಪಿಕ್ಸೆಲ್ ಕೂಡ ಇಲ್ಲ.

ಕೆಳಗಿನ ಹಲಗೆಯ ತೂತಿಗೆ ಒಂದು ನಟ್ಟನ್ನು ಅರಾಲ್ಡೈಟ್ ಹಾಕಿ ಕೂರಿಸಿ. ರಾಡ್ ಅದರೊಳಗಿಂದ ನೆಟ್ಟಗೆ ಮೇಲೆ ಬಂದು ಮೇಲಿನ ಹಲಗೆಯನ್ನು ತಳ್ಳಲಿ. ತುದಿಯನ್ನು ಅರದಿಂದ ಗುಂಡಗೆ ಉಜ್ಜಿ. ಅದು ತಾಗುವ ಜಾಗಕ್ಕೆ ಒಂದು ನುಣುಪಾದ ತಗಡಿನ ಚೂರು ಅಂಟಿಸಿ, ಇಲ್ಲದಿದ್ದರೆ ಪ್ಲೈವುಡ್ ಕೊರೆದುಕೊಂಡು ಹೋಗುತ್ತದೆ. ಮೇಲಿನ ಹಲಗೆಗೆ ಕ್ಯಾಮೆರಾ ಕೂರಿಸಿ ಎತ್ತ ಬೇಕಾದರೂ ತಿರುಗಿಸುವ ಸಣ್ಣ ಬಾಲ್ ಹೆಡ್, ಕೆಳಗಿನದಕ್ಕೆ ಟ್ರೈಪಾಡ್ ಕೂರುವ ನಟ್ಟು. ಇವೆರಡಕ್ಕೂ ಬೇಕಿರುವುದು ಕಾಲು ಇಂಚಿನ ಥ್ರೆಡ್. ಎಂ6 ನೋಡಲು ಹಾಗೇ ಕಾಣುತ್ತದೆ, ಎರಡು ಸುತ್ತು ಹೋಗಿ ಬಿಗಿಯುತ್ತದೆ. ಒತ್ತಾಯ ಮಾಡಿದರೆ ಕ್ಯಾಮೆರಾದ ಥ್ರೆಡ್ ಹಾಳು.

ರಾಡಿನ ಕೆಳತುದಿಗೆ ಹಳೆಯ ಸಿಡಿಯೊಂದನ್ನು ದೊಡ್ಡ ವಾಷರ್‌ಗಳ ನಡುವೆ ಬಿಗಿದು, ಅಂಚಿಗೆ ಗಡಿಯಾರದ ಹಾಗೆ 60 ಗೆರೆ ಹಾಕಿ. ಎದುರಿಗೆ ಹಲಗೆಗೆ ಒಂದು ಮುಳ್ಳು. ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಇಯರ್‌ಫೋನ್ ಹಾಕಿಕೊಳ್ಳಿ, ಒಂದು ಟಿಕ್‌ಗೆ ಒಂದು ಗೆರೆ. ಐದು ಸೆಕೆಂಡಿಗೊಮ್ಮೆ ಐದು ಗೆರೆ ತಳ್ಳಿದರೆ ಆಗುವುದಿಲ್ಲ, ಅಷ್ಟರಲ್ಲಿ ನಕ್ಷತ್ರ ನಾಲ್ಕು ಪಿಕ್ಸೆಲ್ ಓಡಿರುತ್ತದೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ನಾನೀಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 28ಬಿವೈಜೆ-48 ಸ್ಟೆಪರ್ ಮೋಟಾರು (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು) ಮತ್ತು ಅದನ್ನು ನಡೆಸುವ ಆರ್ಡುಯಿನೊ ಬೋರ್ಡು ಹಾಕಿದ್ದೇನೆ. ಮೋಟಾರು ಒಂದು ಸುತ್ತಿಗೆ ಸುಮಾರು 2048 ಹೆಜ್ಜೆ ಹಾಕುತ್ತದೆ, ಹೆಜ್ಜೆಗೆ 29 ಮಿಲಿಸೆಕೆಂಡ್ ಕೊಟ್ಟರೆ ನಿಮಿಷಕ್ಕೆ ಒಂದು ಸುತ್ತು. ಆದರೂ ಮೊದಲು ಕೈಯಲ್ಲೇ ಮಾಡಿ ನೋಡಿ. ಹಲಗೆ ಸರಿ ಇದೆಯಾ ಅಂತ ಗೊತ್ತಾಗದೆ ಮೋಟಾರು ಕಟ್ಟಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ.

ಇನ್ನು ದಿಕ್ಕು. ಹಿಂಜಿನ ಪಿನ್ನು ಧ್ರುವ ನಕ್ಷತ್ರದ ಕಡೆಗೆ ನೇರವಾಗಿರಬೇಕು. ನೀವು ಉತ್ತರಕ್ಕೆ ಮುಖ ಮಾಡಿ ನಿಂತಾಗ ಹಿಂಜ್ ಎಡಕ್ಕೆ, ಅಂದರೆ ಪಶ್ಚಿಮಕ್ಕಿರಲಿ. ಬಲಗಡೆಯ ತುದಿ ಮೇಲೇಳಬೇಕು. ಯುರೋಪಿನವರು ಮಾಡಿದ ಟ್ರ್ಯಾಕರ್ ಚಿತ್ರ ನೋಡಿ ಗಾಬರಿಯಾಗಬೇಡಿ. ಅಲ್ಲಿ ಹಿಂಜ್ 50 ಡಿಗ್ರಿ ಮೇಲಕ್ಕೆ ಎದ್ದು ನಿಂತಿರುತ್ತದೆ. ಧ್ರುವ ನಕ್ಷತ್ರದ ಎತ್ತರ ನೀವಿರುವ ಊರಿನ ಅಕ್ಷಾಂಶದಷ್ಟೇ ಅಲ್ವಾ? ಬೆಂಗಳೂರು, ತಿಪಟೂರಿಗೆಲ್ಲ 13 ಡಿಗ್ರಿ, ಹುಬ್ಬಳ್ಳಿಗೆ 15, ಬೀದರಿಗೆ ಹತ್ತಿರ ಹತ್ತಿರ 18. ನಮ್ಮಲ್ಲಿ ಹಿಂಜ್ ಮಲಗಿದಂತೆಯೇ ಇರುತ್ತದೆ.

ತೊಂದರೆಯೂ ಅಲ್ಲೇ ಇದೆ. ನಮ್ಮ ತಿಪಟೂರಿನ ಕಡೆ 13 ಡಿಗ್ರಿ ಎತ್ತರದಲ್ಲಿ ಕಾಣುವುದು ಧ್ರುವ ನಕ್ಷತ್ರ ಅಲ್ಲ, ತೆಂಗಿನ ಗರಿ. ಹಾಗಾಗಿ ನಾನು ಕೆರೆ ಏರಿಗೆ ಹೋಗುತ್ತೇನೆ. ಜಾಗ ಹುಡುಕುವಾಗ ಊರಿನ ದೀಪ ನಿಮ್ಮ ಉತ್ತರಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಒಳ್ಳೆಯ ಸರಕೆಲ್ಲ ದಕ್ಷಿಣದ ಆಕಾಶದಲ್ಲಿದೆ, ಅಲ್ಲಿ ಕತ್ತಲೆ ಬೇಕು. ಧ್ರುವ ನಕ್ಷತ್ರವನ್ನು ಊರಿನ ಬೆಳಕಿನ ಮೇಲೂ ಹೇಗೋ ಹುಡುಕಬಹುದು. ಚಳಿಗಾಲದ ಸಂಜೆ ಸಪ್ತರ್ಷಿ ಮಂಡಲ ಇನ್ನೂ ಹುಟ್ಟಿರುವುದಿಲ್ಲ, ಡಬ್ಲ್ಯೂ ಆಕಾರದ ಕ್ಯಾಸಿಯೋಪಿಯಾ ಹಿಡಿದು ಹೋಗಿ.

ಗುರಿ ಹಿಡಿಯಲು ಹಿಂಜಿನ ಪಕ್ಕ ಎಳನೀರಿನ ಸ್ಟ್ರಾ ಒಂದನ್ನು ಪಿನ್ನಿಗೆ ಸಮಾನಾಂತರವಾಗಿ ಅಂಟಿಸಿ. ಅದರೊಳಗೆ ಧ್ರುವ ನಕ್ಷತ್ರ ನಡುವಿಗೆ ಕಂಡರೆ ಮುಗಿಯಿತು. ಒಂದು ಡಿಗ್ರಿ ತಪ್ಪಿದರೂ ಒಂದು ನಿಮಿಷದ ಫ್ರೇಮಿನಲ್ಲಿ, ಅಂದರೆ ಒಂದು ಫೋಟೋದಲ್ಲಿ, ಜಾರುವುದು ಒಂದು ಪಿಕ್ಸೆಲ್ ಒಳಗೇ. ಮರ ಅಡ್ಡ ಬಂದರೆ ಮೊಬೈಲಿನ ಆ್ಯಪಿನಲ್ಲಿ ಅಕ್ಷಾಂಶದಷ್ಟು ಓರೆ ಅಳೆದು, ದಿಕ್ಸೂಚಿ ನೋಡಿ ಉತ್ತರಕ್ಕೆ ತಿರುಗಿಸಿ. ಮೊಬೈಲನ್ನು ರಾಡಿನ ಹತ್ತಿರ ಇಡಬೇಡಿ, ಕಬ್ಬಿಣ ದಿಕ್ಸೂಚಿಯನ್ನು ಎಳೆಯುತ್ತದೆ. ಹೀಗೆ ಮಾಡಿದಾಗ ಫ್ರೇಮನ್ನು 30 ಸೆಕೆಂಡಿಗೆ ಇಳಿಸುವುದು ಒಳ್ಳೆಯದು.

ಫೋಕಸ್‌ಗೆ ಆಟೋ ಆಫ್ ಮಾಡಿ. ಲೆನ್ಸಿನ ಅನಂತದ ಗುರುತನ್ನು ನಂಬಬೇಡಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಪ್ರಕಾಶಮಾನವಾದ ನಕ್ಷತ್ರವನ್ನು 10 ಪಟ್ಟು ಹಿಗ್ಗಿಸಿ, ಚುಕ್ಕೆ ಅತಿ ಸಣ್ಣದಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ಅಕ್ಕಪಕ್ಕದ ಮಂದ ನಕ್ಷತ್ರ ಥಟ್ಟನೆ ಕಂಡರೆ ಅದೇ ಸರಿಯಾದ ಜಾಗ. ನನ್ನ ಹಳೆಯ ಲೆನ್ಸಿನ ರಿಂಗಿಗೆ ಟೇಪ್ ಸುತ್ತಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಈಗಿನ ಎಸ್‌ಟಿಎಂ ಲೆನ್ಸಿನಲ್ಲಿ ರಿಂಗ್ ಒಳಗಿನ ಮೋಟಾರಿಗೆ ಸೂಚನೆ ಕೊಡುತ್ತದೆ ಅಷ್ಟೇ, ಟೇಪ್ ಸುಮ್ನೆ ದಂಡ. ಮಧ್ಯೆ ಮಧ್ಯೆ ಮತ್ತೆ ನೋಡುತ್ತಿರಿ.

ರಾ ಫಾರ್ಮ್ಯಾಟ್ (ಕ್ಯಾಮೆರಾ ತಿದ್ದದ ಮೂಲ ಫೈಲು), ಬಲ್ಬ್ ಮೋಡ್ (ಬಟನ್ ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುತ್ತದೆ), ಐಎಸ್‌ಒ 1600, ಲಾಕ್ ಇರುವ ತಂತಿ ರಿಮೋಟ್. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 2.8. ಎಫ್ 1.8ಕ್ಕೆ ಬೆಳಕು ಜಾಸ್ತಿ ಬರುತ್ತದೆ ಅನ್ನುವ ಆಸೆ ಬೇಡ, ಮೂಲೆಯ ನಕ್ಷತ್ರಗಳಿಗೆಲ್ಲ ರೆಕ್ಕೆ ಬಂದು ನೇರಳೆ ಅಂಚು ಕಟ್ಟುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಫೋಟೋದ ಗದ್ದಲ, ಅಂದರೆ ಕಾಳು ಕಾಳಾದ ಚುಕ್ಕೆಗಳನ್ನು ಕ್ಯಾಮೆರಾವೇ ಕಳೆಯುವ ಸೆಟ್ಟಿಂಗ್) ಆಫ್ ಇರಲಿ. ಅದರ ಬದಲು ಕೊನೆಗೆ ಲೆನ್ಸಿನ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ ಹದಿನೈದಿಪ್ಪತ್ತು ಕಪ್ಪು ಫ್ರೇಮ್ ತೆಗೆದುಕೊಳ್ಳಿ. 20 ನಿಮಿಷಕ್ಕೊಮ್ಮೆ ರಾಡನ್ನು ಹಿಂದಕ್ಕೆ ಇಳಿಸಿ ಮತ್ತೆ ಶುರು ಮಾಡಿ. ಹಲಗೆ ಜಾಸ್ತಿ ತೆರೆದಷ್ಟೂ ನೆಟ್ಟಗಿನ ರಾಡ್ ಆಕಾಶದ ವೇಗಕ್ಕೆ ಹೊಂದುವುದಿಲ್ಲ.

ಕೆರೆಯ ಪಕ್ಕ ಡಿಸೆಂಬರಿನಲ್ಲಿ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತದೆ. ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿ ಸಿಗುತ್ತದೆ, ಲೆನ್ಸಿಗೆ ಸುತ್ತಿಡಿ. ಬಟ್ಟೆಯಿಂದ ಒರೆಸಿದರೆ ಫೋಕಸ್ ಹೋಗುತ್ತದೆ.

ಮೊದಲ ಗುರಿ ಮಹಾವ್ಯಾಧ, ಅಂದರೆ ಓರಿಯನ್. ಆರಿದ್ರಾ ನಕ್ಷತ್ರ ಇರುವುದು ಇಲ್ಲೇ. ಆರಿದ್ರಾ ಮಳೆಯ ಹೊತ್ತಿಗೆ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ಹಾಗಾಗಿ ರಾತ್ರಿ ನೋಡಲು ಚಳಿಗಾಲವೇ ಬೇಕು. 50 ಎಂಎಂನಲ್ಲಿ ಫ್ರೇಮಿನ ಉದ್ದ 25 ಡಿಗ್ರಿ, ಇಡೀ ವ್ಯಾಧ ಹಿಡಿಸುತ್ತಾನೆ. ನಡುಪಟ್ಟಿಯ ಮೂರು ನಕ್ಷತ್ರ ಆಕಾಶದ ಸಮಭಾಜಕದ (ಭೂಮಿಯ ಸಮಭಾಜಕದ ನೇರ ಮೇಲಿರುವ ಗೆರೆ) ಹತ್ತಿರವೇ ಇವೆ. ಅಲ್ಲೇ ನಕ್ಷತ್ರ ಅತಿ ವೇಗವಾಗಿ ಜರುಗುವುದು, ಆದ್ದರಿಂದ ನಿಮ್ಮ ಹಲಗೆಗೆ ಇದೇ ಸರಿಯಾದ ಪರೀಕ್ಷೆ. ನಡುಪಟ್ಟಿಯ ಕೆಳಗೆ ಎಂ42 ಅನ್ನುವ ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ, ಒಂದೇ ಫ್ರೇಮಿನಲ್ಲಿ ಗುಲಾಬಿಯಾಗಿ ಕಾಣುತ್ತದೆ. ಅಲ್ಲೇ ಇರುವ ಕುದುರೆ ತಲೆ ನೀಹಾರಿಕೆಯ ಸುತ್ತಲಿನ ಕಡುಗೆಂಪು ಮಾತ್ರ ಮಂಕು. ಸೆನ್ಸರ್ ಮುಂದಿನ ಫಿಲ್ಟರ್ ಆ ಬಣ್ಣವನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಫಿಲ್ಟರ್ ತೆಗೆಸುವ ಯೋಚನೆ ಆಮೇಲೆ ಮಾಡಿ.

ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸಲು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್ ಸಾಕು, ಎರಡೂ ಉಚಿತ. 16 ಫ್ರೇಮ್ ಸೇರಿಸಿದರೆ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೂ ಅರ್ಧಕ್ಕೆ ಇಳಿಯಬೇಕಾದರೆ 64 ಬೇಕು. ಗೆರೆಯಾದ ಫ್ರೇಮುಗಳನ್ನು ಸೇರಿಸುವ ಮುಂಚೆಯೇ ಕಿತ್ತುಹಾಕಿ, ಮುಲಾಜು ಬೇಡ.

ಏಪ್ರಿಲ್ ಬಂದರೆ ಒಮೆಗಾ ಸೆಂಟಾರಿ ನೋಡಿ. ಲಕ್ಷಗಟ್ಟಲೆ ನಕ್ಷತ್ರಗಳ ಗುಂಪು, ಲಂಡನ್ನಿನವರಿಗೆ ಹುಟ್ಟುವುದೇ ಇಲ್ಲ. ನಮಗೆ ದಕ್ಷಿಣದಲ್ಲಿ 29 ಡಿಗ್ರಿ ಮೇಲಕ್ಕೆ ಬರುತ್ತದೆ. ತಿಂಗಳ ನಡುವೆ ಮಧ್ಯರಾತ್ರಿಯ ಸುಮಾರಿಗೆ ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ಬಹಳ ಎತ್ತರದಲ್ಲಿ ಇರುತ್ತದೆ. ಅಲ್ಲಿಂದ ನೇರ ಕೆಳಗೆ, ಚಾಚಿದ ಕೈಯ ಮೂರೂವರೆ ಮುಷ್ಟಿ ಅಳೆದು ಕ್ಯಾಮೆರಾ ತಿರುಗಿಸಿ.